ಒಂದೇ ಭುಜ, ಎರಡು ಚಿಕಿತ್ಸೆ: ಮೈಸೂರಿನ ಒಂದು ಫಿಸಿಯೋಥೆರಪಿ ವಿಭಾಗ

ಕಳೆದ ವರ್ಷ ನಮ್ಮ ತಂದೆಯವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲುಗಳ ಸ್ವಾಧೀನ ತಪ್ಪಿದಾಗ, ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಹತ್ತಿರದ ಫಿಸಿಯೋಥೆರಪಿ ಕೇಂದ್ರವೊಂದಕ್ಕೆ ಕರೆದುಕೊಂಡು ಹೋಗತೊಡಗಿದೆವು. ಬೆನ್ನುನೋವಿನವರು, ಮಂಡಿನೋವಿನವರು, ಲಕ್ವದವರು ಎಂಬ ಭೇದವಿಲ್ಲದೆ ಅಲ್ಲಿ ಎಲ್ಲರಿಗೂ ಒಂದೇ ಕ್ರಮವಿತ್ತು: ಹತ್ತು ನಿಮಿಷ ಶಾಖ, ಹದಿನೈದು ನಿಮಿಷ ಕರೆಂಟು, ಕೊನೆಗೆ ತಲೆಯ ಮೇಲಿನ ರಾಟೆಯ ಹಗ್ಗ ಹಿಡಿದು ಕೈಯನ್ನು ಮೇಲಕ್ಕೆ ಎಳೆಯುವುದು. ಮೂರನೆಯ ವಾರಕ್ಕೆ ತಂದೆಯವರ ಭುಜ ಎಷ್ಟು ನೋಯತೊಡಗಿತೆಂದರೆ, ಅಂಗಿ ತೊಡಿಸಲು ಹೋದರೂ ಕೈ ಮುಟ್ಟಲು ಬಿಡುತ್ತಿರಲಿಲ್ಲ.

ಆಗ ಪರಿಚಯದ ವೈದ್ಯರೊಬ್ಬರು ಮೈಸೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗಕ್ಕೆ ಕಳುಹಿಸಿದರು. ಐದು ತಿಂಗಳಿಂದ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತಿದ್ದೇವೆ. ಅಲ್ಲಿ ಚೀಟಿ ಮಾಡಿಸಿದ ಕೂಡಲೇ ಚಿಕಿತ್ಸೆ ಶುರುವಾಗುವುದಿಲ್ಲ. ಹಿರಿಯರೊಬ್ಬರು ಮೊದಲು ರೋಗಿಯನ್ನು ಪರೀಕ್ಷಿಸಿ, ಯಾವ ಶಾಖೆಯವರು ನೋಡಬೇಕೆಂದು ನಿರ್ಧರಿಸುತ್ತಾರೆ. ಪದವಿಯ ನಂತರ ಇನ್ನೂ 2 ವರ್ಷ ಎಲುಬು ಮತ್ತು ಕೀಲು, ನರ, ಹೃದಯ ಮತ್ತು ಶ್ವಾಸಕೋಶ, ಮಕ್ಕಳು, ಕ್ರೀಡೆ ಎಂಬಂತೆ ಒಂದೊಂದು ವಿಷಯವನ್ನೇ ವಿಶೇಷವಾಗಿ ಓದಿದವರು ಇರುತ್ತಾರೆಂಬುದು ನನಗೆ ತಿಳಿದದ್ದೇ ಅಲ್ಲಿ.

ನರ ವಿಭಾಗದ ತಜ್ಞೆ ತಂದೆಯವರ ಬಲಭುಜವನ್ನು ಮೆಲ್ಲಗೆ ಮುಟ್ಟಿ ನೋಡಿ, ನನ್ನ ತೋರುಬೆರಳನ್ನು ಹಿಡಿದು ಭುಜದ ಎಲುಬಿನ ಅಂಚಿನ ಕೆಳಗೆ ಇಟ್ಟರು. ಅಲ್ಲಿ ಒಂದು ಬೆರಳು ಕೂರುವಷ್ಟು ತಗ್ಗಿತ್ತು, ಎಡಭುಜದಲ್ಲಿ ಅದಿರಲಿಲ್ಲ. ಭುಜದ ಕೀಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದು ಮುಖ್ಯವಾಗಿ ಸುತ್ತಲಿನ ಸ್ನಾಯುಗಳು. ಲಕ್ವದಿಂದ ಅವು ಸಡಿಲವಾದಾಗ ತೋಳಿನ ಎಲುಬು ತನ್ನ ಭಾರಕ್ಕೇ ಕೆಳಕ್ಕೆ ಜಾರುತ್ತದೆ, ಅಂಥ ಕೈಯನ್ನು ರಾಟೆಯಿಂದ ಎತ್ತಿದರೆ ಒಳಗಿನ ಮೆದುಭಾಗಗಳು ಎಲುಬಿನ ನಡುವೆ ಸಿಕ್ಕಿ ನೋವು ಹೆಚ್ಚುತ್ತದೆ ಎಂದು ವಿವರಿಸಿದರು. "ಯಜಮಾನ್ರೇ, ಈ ಕೈ ಹಿಡಿದು ಯಾರಿಗೂ ಎಳೆಯೋಕೆ ಬಿಡಬೇಡಿ" ಎಂದು ತಂದೆಯವರಿಗೆ ಹೇಳಿ, ಅವರನ್ನು ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಬಾರದೆಂದೂ, ಕೂತಾಗ ಮೊಣಕೈ ಕೆಳಗೆ ದಿಂಬು ಇರಲೇಬೇಕೆಂದೂ ನಮಗೆ ಕಲಿಸಿದರು.

ಅದೇ ಹೊತ್ತಿನಲ್ಲಿ, ಪಕ್ಕದ ಕೀಲು ವಿಭಾಗದಲ್ಲಿ ಸಕ್ಕರೆ ಕಾಯಿಲೆಯಿರುವ ಮಹಿಳೆಯೊಬ್ಬರು ಹಿಡಿದುಕೊಂಡ ಭುಜಕ್ಕೆ ಅಂಥದೇ ರಾಟೆಯ ವ್ಯಾಯಾಮ ಮಾಡುತ್ತಿದ್ದರು. ಅವರ ತೊಂದರೆ ತದ್ವಿರುದ್ಧ: ಕೀಲಿನ ಸುತ್ತಲಿನ ಹೊದಿಕೆಯೇ ಬಿಗಿದು ಕುಗ್ಗಿರುವುದರಿಂದ ಅದನ್ನು ಹದವಾಗಿ ಹಿಗ್ಗಿಸಲೇಬೇಕು. ಇಬ್ಬರದೂ ಭುಜನೋವೇ, ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ಪೆಟ್ಟು. ಮೊದಲಿನ ಜಾಗದಲ್ಲಿ ಕಳೆದ ಮೂರು ವಾರಗಳನ್ನು ನೆನೆದು ನನಗೆ ಅಂದು ತುಂಬಾ ಸಂಕಟವಾಯಿತು.

ಕಾಯುವ ಹೊತ್ತಿನಲ್ಲಿ ಉಳಿದ ಶಾಖೆಗಳನ್ನೂ ಹತ್ತಿರದಿಂದ ನೋಡಿದ್ದೇನೆ. ಹೃದಯದ ಬೈಪಾಸ್ ಆದವರು ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಲು ಕಲಿಯುತ್ತಾರೆ. ಎದೆಯೆಲುಬಿನ ಹೊಲಿಗೆಗೆ ಆಸರೆ ಸಿಕ್ಕಿದರೆ ಮಾತ್ರ ಕಫ ಹೊರಬರುವಷ್ಟು ಗಟ್ಟಿಯಾಗಿ ಕೆಮ್ಮಲು ಸಾಧ್ಯ. ವಯಸ್ಸಾದವರನ್ನು ಕುರ್ಚಿಯಿಂದ ಏಳಿಸಿ, 3 ಮೀಟರ್ ನಡೆಸಿ, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಹಿಡಿಯಿತೆಂದು ಅಳೆಯುತ್ತಾರೆ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಸಮತೋಲನದ ವ್ಯಾಯಾಮ ಆರಂಭವಾಗುತ್ತದೆ. ಕ್ರೀಡಾ ವಿಭಾಗಕ್ಕೆ ಬರುವವರಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡ ಕಬಡ್ಡಿ ಹುಡುಗರೇ ಹೆಚ್ಚು.

ನನ್ನ ಮನಸ್ಸಿನಲ್ಲಿ ಉಳಿದದ್ದು ಮಕ್ಕಳ ಕೋಣೆ. ಮಿದುಳಿನ ತೊಂದರೆಯಿಂದ ಎರಡೂ ಕಾಲುಗಳು ಕತ್ತರಿಯಂತೆ ಬಿಗಿದುಕೊಳ್ಳುವ ಮಗುವೊಂದನ್ನು ತಾಯಿ ಎದೆಗವುಚಿ, ಕಾಲು ಕೂಡಿಸಿ ಎತ್ತಿಕೊಂಡು ಬಂದಿದ್ದರು. ತಜ್ಞರು ಯಾವ ಯಂತ್ರವನ್ನೂ ತೆಗೆಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮಕ್ಕಳನ್ನು ಸೊಂಟದ ಮೇಲೆ ಎರಡೂ ಕಡೆ ಕಾಲು ಬಿಟ್ಟು ಕೂರಿಸಿಕೊಳ್ಳುವ ಹಾಗೆ ಎತ್ತಿಕೊಳ್ಳಲು ಹೇಳಿದರು. ಹಾಗೆ ಎತ್ತಿಕೊಂಡಷ್ಟು ಹೊತ್ತೂ ಕಾಲುಗಳು ಅಗಲವಾಗಿರುತ್ತವೆ, ಆದ್ದರಿಂದ ಇಡೀ ದಿನದ ಮನೆಗೆಲಸದ ನಡುವೆಯೇ ಚಿಕಿತ್ಸೆ ನಡೆಯುತ್ತದೆ.

ಕೊರತೆಗಳೂ ಇವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಆಗಾಗ ಬದಲಾಗುವುದರಿಂದ ಹೊಸಬರಿಗೆ ಎಲ್ಲವನ್ನೂ ಮತ್ತೆ ಹೇಳಬೇಕು. ಬಿಡುಗಡೆ ಪತ್ರ, ಸ್ಕ್ಯಾನ್ ವರದಿಗಳ ಪ್ರತಿಗಳನ್ನು ಪ್ರತಿಸಲ ಒಯ್ಯುವುದು ಒಳ್ಳೆಯದು. ಹತ್ತು ಗಂಟೆಯ ನಂತರ ಹೋದರೆ ಒಂದು ಗಂಟೆಯಾದರೂ ಕಾಯಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಹೆರಿಗೆಯ ನಂತರ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವ ತೊಂದರೆಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಕಲಿಸುವ ಮಹಿಳಾ ವಿಭಾಗ ವಾರಕ್ಕೆ ಎರಡೇ ದಿನ, ಅದೂ ಬೆಳಗಿನ ಹೊತ್ತು ಮಾತ್ರ ತೆರೆದಿರುತ್ತದೆ. ಈ ತೊಂದರೆಯನ್ನು ಗಂಡನಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡ ಹೆಂಗಸರು ಮಕ್ಕಳನ್ನು ಶಾಲೆಗೆ ಕಳುಹಿಸಿ, ಅಡುಗೆ ಮುಗಿಸಿ ಬರುವಷ್ಟರಲ್ಲಿ ಆ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಸಂಜೆಯ ಹೊತ್ತೂ ತೆರೆಯಬೇಕೆಂದು ವಿಭಾಗದವರಿಗೆ ಬರೆದುಕೊಟ್ಟು ಬಂದಿದ್ದೇನೆ.