ಪರಮಾಣು ಮಾದರಿ ಕಿಟ್: ಗೋಲಿ ಹಲಗೆ ಚೆನ್ನಾಗಿದೆ, ಬಳೆಗಳು ಸರಿಯಿಲ್ಲ

ಮಡಿಕೇರಿಯ ಅಂಗಡಿಗಳಲ್ಲಿ ಹೈಸ್ಕೂಲು ಮತ್ತು ಪಿಯು ಮಕ್ಕಳಿಗೆಂದು ಸಿಗುವ ಈ ಪೆಟ್ಟಿಗೆಯಲ್ಲಿ ಥಾಮ್ಸನ್, ರದರ್‌ಫೋರ್ಡ್, ಬೋರ್ ಮೂವರ ಮಾದರಿಗಳೂ ಇವೆ. ಥಾಮ್ಸನ್‌ನದು ಮಣಿ ಹುದುಗಿಸಿದ ಗೋಳ ಅಷ್ಟೆ.

ಕೊಟ್ಟ ದುಡ್ಡಿಗೆ ನ್ಯಾಯ ಸಿಗುವುದು ರದರ್‌ಫೋರ್ಡ್ ಹಲಗೆಯಲ್ಲಿ. ನಡುವೆ ಬುಡ ಅಗಲವಾದ, ತುದಿ ಕಡಿದಾದ ದಿಬ್ಬ; ಜಾರುಪಟ್ಟಿಯಿಂದ ಗೋಲಿ ಬಿಡಬೇಕು. ದಿಬ್ಬಕ್ಕೆ ನೇರ ಗುರಿಯಿಟ್ಟದ್ದು ಮಾತ್ರ ಹಿಂದಿರುಗುತ್ತದೆ, ಪಕ್ಕಕ್ಕೆ ಸರಿದಷ್ಟೂ ಬಾಗುವುದು ಕಡಿಮೆ. 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಚಿನ್ನದ ತೆಳು ಹಾಳೆಯಲ್ಲಿ ಕಂಡ ಆಲ್ಫಾ ಕಣಗಳ (ಧನ ವಿದ್ಯುದಂಶವಿರುವ ಕಣಗಳು; ಇಲ್ಲಿ ಗೋಲಿಯೇ ಆ ಕಣ, ದಿಬ್ಬವೇ ಪರಮಾಣುವಿನ ನಡುವಿನ ನ್ಯೂಕ್ಲಿಯಸ್) ಚದುರುವಿಕೆಗೆ 1911ರಲ್ಲಿ ರದರ್‌ಫೋರ್ಡ್ ಕೊಟ್ಟ ವಿವರಣೆ ಇಲ್ಲಿ ಕಣ್ಣಿಗೇ ಕಾಣುತ್ತದೆ. ಗೋಲಿಯನ್ನು ಪ್ರತಿಸಲವೂ ಒಂದೇ ಎತ್ತರದಿಂದ ಬಿಡಿ. ವೇಗ ಬದಲಾದರೆ ಬಾಗುವ ಕೋನವೂ ಬದಲಾಗುತ್ತದೆ.

ನಮ್ಮ ಮಳೆಗಾಲದ್ದೇ ತೊಂದರೆ. ಪ್ಲೈವುಡ್ ತೇವ ಹೀರಿ ಸೊಟ್ಟಗಾದರೆ ಗೋಲಿಗಳೆಲ್ಲ ಒಂದೇ ಬದಿಗೆ ವಾಲುತ್ತವೆ. ಜೂನ್‌ಗೆ ಮೊದಲೇ ಅಂಚುಗಳಿಗೆ ಎರಡು ಕೋಟ್ ವಾರ್ನಿಷ್ ಹೊಡೆಯಿರಿ, ಆಡಿಸುವ ಮುನ್ನ ರಸಮಟ್ಟ ಇಟ್ಟು ನೋಡಿ.

ಬೋರ್ ಮಾದರಿಯಲ್ಲಿ ತಯಾರಕರು ಎಡವಿದ್ದಾರೆ. ಎಲೆಕ್ಟ್ರಾನ್‌ಗಳ ಕಕ್ಷೆಗಳನ್ನು ತೋರಿಸುವ ತಂತಿ ಬಳೆಗಳ ನಡುವೆ ಸಮ ಅಂತರವಿದೆ. ಬೋರ್ 1913ರಲ್ಲಿ ಹೇಳಿದ ಪ್ರಕಾರ ಹೈಡ್ರೋಜನ್‌ನ ಕಕ್ಷೆಗಳ ತ್ರಿಜ್ಯ 1:4:9 ಆಗಬೇಕು. ಮೊದಲ ಬಳೆ 2 ಸೆಂ.ಮೀ. ತ್ರಿಜ್ಯದ್ದಾದರೆ ಉಳಿದವನ್ನು 8 ಮತ್ತು 18ಕ್ಕೆ ನೀವೇ ಬಗ್ಗಿಸಿಕೊಳ್ಳಿ. ಮೂರನೆಯ ಬಳೆಯಲ್ಲಿ, ಅಂದರೆ ಮೂರನೆಯ ಎಲೆಕ್ಟ್ರಾನ್ ಕವಚದಲ್ಲಿ, 18 ತೂತುಗಳಿರುವುದರಿಂದ ಮಕ್ಕಳು ಪೊಟ್ಯಾಸಿಯಂಗೆ 2, 8, 9 ಎಂದು ಮಣಿ ಪೋಣಿಸುತ್ತಾರೆ. ಸರಿಯಾದದ್ದು 2, 8, 8, 1. ಏಕೆಂದರೆ ಮೂರನೆಯ ಕವಚದ 3ಡಿ ಉಪಕವಚಕ್ಕಿಂತ ಮೊದಲು ನಾಲ್ಕನೆಯದರ 4ಎಸ್ ಉಪಕವಚ ತುಂಬುತ್ತದೆ.

ನ್ಯೂಕ್ಲಿಯಸ್ಸಿನ ಗಾತ್ರವನ್ನಂತೂ ನಂಬಲೇಬೇಡಿ. ಮಡಿಕೇರಿಯ ರಾಜಾಸೀಟ್ ಉದ್ಯಾನದಲ್ಲಿ ನ್ಯೂಕ್ಲಿಯಸ್ ಎಂದು 1 ಸೆಂ.ಮೀ. ಮಣಿ ಇಟ್ಟರೆ ಪರಮಾಣುವಿನ ಅಂಚು ನೂರಾರು ಮೀಟರ್ ಆಚೆ ಇರಬೇಕಾಗುತ್ತದೆ.