ಕಂಪ್ಯೂಟರ್ ಸೈನ್ಸಾ, ಸಾಫ್ಟ್‌ವೇರ್ ಎಂಜಿನಿಯರಿಂಗಾ?

ಮೊದಲ ವರ್ಷ ಈ ಎರಡೂ ಡಿಗ್ರಿಗಳಲ್ಲಿ ಹೆಚ್ಚುಕಡಿಮೆ ಒಂದೇ ಪಾಠ: ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ವಿಧಾನ), ಗಣಿತ. ದಾರಿ ಕವಲೊಡೆಯುವುದು ಆಮೇಲೆ.

ಕಂಪ್ಯೂಟರ್ ಸೈನ್ಸ್‌ನಲ್ಲಿ ಗಣಿತ ಜಾಸ್ತಿ. ಒಂದು ಅಲ್ಗಾರಿದಮ್ (ಸಮಸ್ಯೆ ಬಿಡಿಸುವ ಹಂತಗಳ ಕ್ರಮ) ಯಾಕೆ ನಿಧಾನ, ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಳಗೆ ಏನು ನಡೆಯುತ್ತದೆ, ಯಾವ ಸಮಸ್ಯೆಯನ್ನು ಯಾವ ಕಂಪ್ಯೂಟರೂ ಬಿಡಿಸಲಾರದು, ಇಂಥ ಪ್ರಶ್ನೆಗಳು. ಸಂಶೋಧನೆ, ಮಷೀನ್ ಲರ್ನಿಂಗ್ (ಡೇಟಾದಿಂದ ಕಂಪ್ಯೂಟರ್ ತಾನೇ ಕಲಿಯುವಂತೆ ಮಾಡುವುದು) ಕಡೆ ಮನಸ್ಸಿದ್ದರೆ ಇದು ಹತ್ತಿರದ ದಾರಿ.

ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಹೆಸರು ಹಬ್ಬಿದ್ದು 1968ರ ನ್ಯಾಟೋ ಸಮ್ಮೇಳನದಿಂದ. ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳು ಆಗಲೇ ಕೈಮೀರುತ್ತಿದ್ದವು. ಈಗಲೂ ಅಷ್ಟೇ, ಅಲ್ವಾ? ಇಲ್ಲಿ ಡಿಸೈನ್, ಟೆಸ್ಟಿಂಗ್, ತಂಡದ ಕೆಲಸ ಹೆಚ್ಚು. ಹಾಗಾಗಿ ಕೆಲಸದ ಮೊದಲ ದಿನಗಳು ಸ್ವಲ್ಪ ಹಗುರ.

ಡೆವಲಪರ್ ಆಗಲು ಎರಡೂ ನಡೆಯುತ್ತವೆ. ಗಣಿತ ಕಂಡರೆ ಓಡುವವರು ಎರಡನೆಯದನ್ನು ನೋಡಿ. ಇನ್ನೂ ಗೊಂದಲವೇ? ಸುಮ್ನೆ ಕೋರ್ಸಿನ ಹೆಸರು ಬಿಟ್ಟು ಕೊನೆಯ ವರ್ಷದ ವಿಷಯಪಟ್ಟಿ ಓದಿ.