ಬೈಯೋ ಕೋಚಾ, ಬಿಡಿಸಿ ಹೇಳೋ ಕೋಚಾ?
ಮಕ್ಕಳಿಗೆ ಫುಟ್‌ಬಾಲ್ ಕೋಚ್ ಹುಡುಕ್ತಿದ್ರೆ ಫೀಸು ಗ್ರೌಂಡು ಎಲ್ಲ ಆಮೇಲೆ, ಮೊದ್ಲು ಒಂದು ಪ್ರಾಕ್ಟೀಸ್ ಪೂರ್ತಿ ಕೂತು ಅವ್ರು ಮಾತಾಡೋ ರೀತಿ ಕೇಳಿಸ್ಕೊಳ್ಳಿ.

ಒಬ್ರು ಪಾಸ್ ತಪ್ಪಿದ ತಕ್ಷಣ ಎಲ್ರ ಮುಂದೆ "ತಲೇಲಿ ಏನಿದೆ ನಿಂಗೆ?" ಅಂತ ಕೂಗ್ತಾರೆ. ಹುಡುಗ ಆಗ ಸುಮ್ನಿರ್ತಾನೆ, ಆದ್ರೆ ಆ ಸಿಟ್ಟು ಎಲ್ಲಿಗ್ ಹೋಗುತ್ತೆ ಹೇಳಿ, ಸ್ವಲ್ಪ ಹೊತ್ತಲ್ಲೇ ಎದುರಾಳಿ ಕಾಲಿಗೆ ಒದ್ದೋ ರೆಫ್ರಿ ಜೊತೆ ಜಗಳ ಆಡ್ಕೊಂಡೋ ಹಳದಿನೋ ಕೆಂಪೋ ಕಾರ್ಡ್ ತಗೋತಾನೆ.

ಇನ್ನೊಬ್ರು "ಲೇಟಾಯ್ತು ಕಣೋ, ಬಾಲ್ ಬರೋಕ್ ಮುಂಚೆನೇ ತಲೆ ಎತ್ತಿ ನೋಡು" ಅಂತಾರೆ. ಇಲ್ಲೂ ಸಿಟ್ಟು ಬರುತ್ತೆ, ಆದ್ರೆ ತನ್ನ ಆಟದ ಮೇಲೆ, ಮುಂದಿನ ಪಾಸಲ್ಲಿ ಸರಿ ಮಾಡ್ಕೋಬಹುದು.

1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮೋಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಹುರಿದುಂಬಿಸಿ ತಿದ್ದೋ ಟ್ರೈನಿಂಗ್ ಕೊಟ್ಟು ನೋಡಿದ್ರು, ಮಕ್ಕಳಿಗೆ ಆ ಕೋಚ್‌ಗಳು ಜಾಸ್ತಿ ಇಷ್ಟ ಆದ್ರು, ಗೆಲುವು ಸೋಲಲ್ಲಿ ಮಾತ್ರ ಅಂಥಾ ವ್ಯತ್ಯಾಸ ಇರ್ಲಿಲ್ಲ. ಸೋ ಬೈದ್ರೇನೇ ಗೆಲ್ಲೋದು ಅನ್ನೋದು ಬರೀ ಬುರುಡೆ.

ಜೋರು ದನಿ ಅಂದ್ರೆ ಕೆಟ್ಟ ಕೋಚ್ ಅಂತಲ್ಲ, ಮೈದಾನದಲ್ಲಿ ಕೂಗ್ಲೇಬೇಕು. ನಂಗೆ ಭಯ ಆಗೋದು ನಗ್‌ನಗ್ತಾ ಚುಚ್ಚೋರು, ಕಾರಣ ಹೇಳ್ದೆ ಬೆಂಚಲ್ಲಿ ಕೂರಿಸೋರು ಕಂಡ್ರೆ. ನನ್ನ ವೋಟು ಬಿಡಿಸಿ ಹೇಳೋ ಕೋಚ್‌ಗೆ, ಕಣ್ಮುಚ್ಚಿ.